ವಿಶೇಷ ಮಕ್ಕಳು ಮತ್ತು ನಮ್ಮ ಶಾಲೆಗಳು

ಕಲ್ಯಾಣ ನಗರದ ಸುತ್ತಮುತ್ತ ಶಾಲೆಗಳಿಗೇನೂ ಕೊರತೆಯಿಲ್ಲ. ಹೊರ ವರ್ತುಲ ರಸ್ತೆಯಿಂದ ಕಮ್ಮನಹಳ್ಳಿಗೆ, ಅಲ್ಲಿಂದ ಬಾಣಸವಾಡಿ, ಲಿಂಗರಾಜಪುರಗಳಿಗೆ ನಡೆದುಹೋದರೆ ಬೀದಿಗೊಂದರಂತೆ ಶಾಲಾ ಫಲಕಗಳು ಕಾಣಸಿಗುತ್ತವೆ. ಸಂತರ ಹೆಸರು ಹೊತ್ತವೂ ಅವುಗಳಲ್ಲಿ ಕಡಿಮೆಯೇನಲ್ಲ. ಆದರೆ ನಡೆಯಲಾರದ, ಕಿವಿ ಕೇಳಿಸದ ಅಥವಾ ಓರಗೆಯವರಷ್ಟು ಬೇಗ ಕಲಿಯಲಾರದ ಮಗುವಿನ ತಾಯಿ ಪ್ರವೇಶದ ಅರ್ಜಿ ಹಿಡಿದು ಇದೇ ಬೀದಿಗಳಲ್ಲಿ ಅಲೆಯುವಾಗ ಈ ಫಲಕಗಳೆಲ್ಲ ಒಂದೊಂದಾಗಿ ಕರಗಿಹೋಗುತ್ತವೆ. ಆಗುವುದಿಲ್ಲವೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ಮಗುವಿನ ಹಿತಕ್ಕಾಗಿಯೇ ಹೇಳುತ್ತಿದ್ದೇವೆ ಅಮ್ಮ, ಅವನಿಗೆ ತಕ್ಕ ಶಾಲೆ ಬೇರೆ ಇದೆ" ಎಂಬ ವಿನಯದ ಮಾತಿನೊಡನೆ ಗೇಟಿನವರೆಗೆ ಬೀಳ್ಕೊಡುತ್ತಾರೆ. ಈ ವಿನಯದ ಬಗೆಗೇ ಈ ವಾರ ನಾಲ್ಕು ಮಾತು ಬರೆಯಬೇಕೆಂದು ನಮಗನ್ನಿಸಿದೆ.

ನಮಗಿದು ತಿಳಿದಿರಲಿಲ್ಲವೆಂದು ಹೇಳಲು ಬೆಂಗಳೂರಿನ ಪೂರ್ವಭಾಗದವರಿಗೆ ದಾರಿಯಿಲ್ಲ. ಸ್ವತಃ ಅಂಗವಿಕಲರಾಗಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ಸ್ಥಾಪಿಸಿದ, ಇಂದು ಎಲ್ಲರೂ ಎಪಿಡಿ ಎಂದು ಕರೆಯುವ ಸಂಸ್ಥೆ ಇರುವುದು ನಮ್ಮ ಪಕ್ಕದ ಲಿಂಗರಾಜಪುರದಲ್ಲಿ. ಅಂಗವಿಕಲ ಮಕ್ಕಳೂ ನೆರೆಹೊರೆಯ ಇತರ ಮಕ್ಕಳೂ ಒಂದೇ ಕೊಠಡಿಯಲ್ಲಿ ಕುಳಿತು ಕಲಿಯಬಹುದೆಂಬುದನ್ನು ಆ ಸಂಸ್ಥೆ ಶಾಲೆ ನಡೆಸಿಯೇ ತೋರಿಸಿತು. ಅದರಲ್ಲಿ ಒಂದು ಸ್ವಾರಸ್ಯವಿದೆ. ಅಲ್ಲಿ ಸಾಮಾನ್ಯ ಶಾಲೆಯೊಂದು ಅಂಗವಿಕಲ ಮಗುವಿಗೆ ಮೂಲೆಯಲ್ಲಿ ಜಾಗ ಬಿಟ್ಟುಕೊಟ್ಟದ್ದಲ್ಲ. ಅಂಗವಿಕಲರನ್ನು ಮನಸ್ಸಿನಲ್ಲಿಟ್ಟು ಕಟ್ಟಿದ ಶಾಲೆಗೆ ಸುತ್ತಲಿನವರು ತಮ್ಮ ಮಕ್ಕಳನ್ನು ತಾವಾಗಿ ಕಳುಹಿಸಿದರು. ಜೀವನ್ ಬೀಮಾ ನಗರದಲ್ಲಿ ತೋಟಗಾರಿಕೆಯ ತರಬೇತಿಯನ್ನು ಆರಂಭಿಸಿ, ಅಂಗವಿಕಲ ಯುವಕರ ಕೈಗೆ ಕಸುಬು ಕೊಟ್ಟದ್ದೂ ಇದೇ ಸಂಸ್ಥೆ. ಸೆರೆಬ್ರಲ್ ಪಾಲ್ಸಿ ಪೀಡಿತ ಮಕ್ಕಳಿಗಾಗಿ 1980ರಲ್ಲಿ ಹುಟ್ಟಿದ ಸ್ಪಾಸ್ಟಿಕ್ಸ್ ಸೊಸೈಟಿ ಇಂದಿರಾನಗರದಲ್ಲಿದೆ. ಕಿವಿ ಮತ್ತು ಮಾತಿನ ತೊಂದರೆಗಳಿಗೆ ಮೀಸಲಾದ ಡಾ. ಎಸ್. ಆರ್. ಚಂದ್ರಶೇಖರ್ ಸಂಸ್ಥೆಯೂ ಲಿಂಗರಾಜಪುರದಲ್ಲಿಯೇ ಇದೆ. ಹೊರ ಊರುಗಳಿಂದ ಜನ ಬಸ್ಸು ಹತ್ತಿ ಇಲ್ಲಿಗೆ ಬರುತ್ತಾರೆ. ದೀಪದ ಬುಡದಲ್ಲಿಯೇ ಕತ್ತಲು ಎಂಬ ಮಾತು ನಮ್ಮ ಬಡಾವಣೆಗಳಿಗೆ ಸಲ್ಲುವಷ್ಟು ಮತ್ತೆಲ್ಲಿಗೂ ಸಲ್ಲಲಾರದು.

ಪದಗಳ ಬಗ್ಗೆಯೂ ಇಲ್ಲಿ ಒಂದು ಮಾತು ಹೇಳದಿರಲಾರೆವು. 'ಅಂಗವಿಕಲ' ಎಂಬುದು ಕಠೋರವಾಯಿತೆಂದು ಸರಕಾರ 'ವಿಕಲಚೇತನ' ಎಂಬ ಪದವನ್ನು ರೂಢಿಗೆ ತಂದಿತು. ಇಲಾಖೆಯ ಹೆಸರಿನಲ್ಲಿಯೂ ಅದೇ ನಿಂತಿದೆ. ಉದ್ದೇಶ ಒಳ್ಳೆಯದೇ. ಆದರೆ ತತ್ವಶಾಸ್ತ್ರವನ್ನು ಅಷ್ಟಿಷ್ಟು ಓದಿದ ಯಾರಿಗಾದರೂ ಈ ಪದ ಕಿವಿಗೆ ಚುಚ್ಚುತ್ತದೆ. ಅಂಗ ಊನವಾಗಬಹುದು, ಚೇತನ ಊನವಾಗುವುದು ಹೇಗೆ? ಇನ್ನು ನಮ್ಮ ಮನೆಗಳಲ್ಲಿ ಪ್ರೀತಿಯಿಂದ ಬಳಸುವ 'ದೇವರ ಮಗು' ಎಂಬ ಮಾತಂತೂ ಮತ್ತಷ್ಟು ಜಾಣತನದ್ದು. ದೇವರ ಮಗುವೆಂದ ಮೇಲೆ ಅದಕ್ಕೆ ಅಕ್ಷರ ಕಲಿಸುವ ಹೊಣೆಯನ್ನೂ ದೇವರಿಗೇ ವಹಿಸಿ ನಾವು ಕೈತೊಳೆದುಕೊಳ್ಳಬಹುದಲ್ಲವೆ?

ಕಾನೂನಿನ ಮಾತಿಗೆ ಬರೋಣ. 2011ರ ಜನಗಣತಿ ದೇಶದಲ್ಲಿ 2.68 ಕೋಟಿ ಅಂಗವಿಕಲರನ್ನೂ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಮಂದಿಯನ್ನೂ ಲೆಕ್ಕಹಾಕಿತು. 1995ರ ಕಾಯಿದೆ ಏಳು ಬಗೆಯ ಅಂಗವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. ಅದರ ಸ್ಥಾನದಲ್ಲಿ ಬಂದ 2016ರ ಕಾಯಿದೆ ಆಟಿಸಂ, ಕಲಿಕೆಯ ನಿರ್ದಿಷ್ಟ ತೊಂದರೆ ಮುಂತಾದವನ್ನು ಸೇರಿಸಿ ಇಪ್ಪತ್ತೊಂದಕ್ಕೆ ಏರಿಸಿತು. ಅದು ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಶೇಕಡಾ 40 ಅಥವಾ ಅದಕ್ಕೂ ಹೆಚ್ಚಿನ ವೈಕಲ್ಯವುಳ್ಳ 6ರಿಂದ 18 ವರ್ಷದ ಪ್ರತಿ ಮಗುವಿಗೂ ನೆರೆಯ ಶಾಲೆಯಲ್ಲಾಗಲಿ, ತಾನು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕನ್ನು ಅದರ 31ನೆಯ ಕಲಮು ಕೊಡುತ್ತದೆ. ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳೆಲ್ಲ ಇಂಥ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ಕಟ್ಟಡವನ್ನು ಅವರ ಓಡಾಟಕ್ಕೆ ಅನುಕೂಲಗೊಳಿಸಬೇಕು, ಒಬ್ಬೊಬ್ಬರ ಅಗತ್ಯಕ್ಕೆ ತಕ್ಕ ನೆರವು ನೀಡಬೇಕು ಎಂಬುದು 16ನೆಯ ಕಲಮಿನ ಆಶಯ.

ಇಲ್ಲಿಯೇ ನಮ್ಮ ಸಮುದಾಯದ ಶಾಲೆಗಳ ಪ್ರಶ್ನೆ ಏಳುತ್ತದೆ. ಮಕ್ಕಳ ಶಿಕ್ಷಣದ ಹಕ್ಕನ್ನು ಸಾರಿದ 2009ರ ಕಾಯಿದೆಗೆ 2012ರಲ್ಲಿ ಬಂದ ತಿದ್ದುಪಡಿ ಅಂಗವಿಕಲ ಮಕ್ಕಳನ್ನೂ ಅವಕಾಶವಂಚಿತರ ಗುಂಪಿಗೆ ಸೇರಿಸಿತು. ಖಾಸಗಿ ಶಾಲೆಗಳ ಕಾಲುಭಾಗದ ಸೀಟುಗಳಲ್ಲಿ ಅವರಿಗೂ ಪಾಲು ದೊರೆಯಲೆಂಬುದು ಅದರ ಇಂಗಿತ. ಆದರೆ ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳಿಗೆ ಈ ಕಾಯಿದೆ ಅನ್ವಯಿಸದೆಂದು 2012ರಲ್ಲಿಯೂ, ಅನುದಾನಿತ ಅಲ್ಪಸಂಖ್ಯಾತ ಶಾಲೆಗಳಿಗೂ ಅನ್ವಯಿಸದೆಂದು 2014ರಲ್ಲಿಯೂ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 2014ರ ಆ ತೀರ್ಪು ಸರಿಯೇ ಎಂಬ ಪ್ರಶ್ನೆಯನ್ನು 2025ರ ಸೆಪ್ಟೆಂಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠವೇ ಎತ್ತಿ, ದೊಡ್ಡ ಪೀಠದ ವಿಚಾರಣೆಗಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ಅದೇನೇ ಇರಲಿ, ಸಂವಿಧಾನದ 30ನೆಯ ವಿಧಿ ಕೊಟ್ಟ ಹಕ್ಕನ್ನು ನಾವು ಹಗುರವಾಗಿ ಕಾಣುವವರಲ್ಲ. ಅದಿಲ್ಲದಿದ್ದರೆ ನಮ್ಮ ಎಷ್ಟೋ ಶಾಲೆಗಳು ಇಂದು ನಮ್ಮವಾಗಿ ಉಳಿಯುತ್ತಿರಲಿಲ್ಲ. ಆದರೆ ಆ ಹಕ್ಕು ಕೊಟ್ಟದ್ದು ನಮ್ಮ ಶಾಲೆಗಳನ್ನು ನಮ್ಮ ಧ್ಯೇಯಕ್ಕೆ ಅನುಗುಣವಾಗಿ ನಡೆಸಲು. ಅಂಗವಿಕಲ ಮಗುವನ್ನು ಹೊರಗಿಡುವುದು ಯಾವ ಕ್ರೈಸ್ತ ಶಾಲೆಯ ಧ್ಯೇಯ? ಮೇಲಾಗಿ 2016ರ ಕಾಯಿದೆಯ ಆ ಎರಡು ಕಲಮುಗಳಲ್ಲಿ ಅಲ್ಪಸಂಖ್ಯಾತ ಶಾಲೆಗಳನ್ನು ಬಿಟ್ಟು ಎಂಬ ಮಾತಿಲ್ಲ. ಒಂದು ಕಾಯಿದೆಯಲ್ಲಿ ದೊರೆತ ವಿನಾಯಿತಿಯನ್ನು ಇನ್ನೊಂದಕ್ಕೂ ಎಳೆದುಕೊಂಡು ನಿಶ್ಚಿಂತರಾಗಿರುವ ಆಡಳಿತ ಮಂಡಳಿಗಳು ಇದನ್ನು ಒಮ್ಮೆ ಓದಿ ನೋಡುವುದು ಒಳಿತು.

ಮುಖ್ಯೋಪಾಧ್ಯಾಯರ ಕಷ್ಟವನ್ನೂ ನಾವು ಬಲ್ಲೆವು. ಐವತ್ತು ಅರವತ್ತು ಮಕ್ಕಳ ತರಗತಿ. ಪಾಠ ಮುಗಿಸುವ ಆತುರ. ವಿಶೇಷ ತರಬೇತಿಯಿಲ್ಲದ ಶಿಕ್ಷಕಿ. "ಆ ಹುಡುಗನಿಂದ ನಮ್ಮ ಮಗನ ಓದು ಕೆಡುತ್ತಿದೆ" ಎಂದು ದೂರು ತರುವ ಇತರ ಪೋಷಕರು. ಇವರೂ ಭಾನುವಾರ ದಿವ್ಯಬಲಿಪೂಜೆಗೆ ಬರುವವರೇ ಎಂಬುದನ್ನು ಮರೆಯುವಂತಿಲ್ಲ. ವಿಶೇಷ ಶಿಕ್ಷಕರಿಲ್ಲದೆ ಸಮನ್ವಯ ಶಿಕ್ಷಣವೆಂಬುದು ಮಗುವನ್ನು ಬೆಂಚಿನ ಮೇಲೆ ಕೂರಿಸಿ ಮರೆತುಬಿಡುವ ಕೆಲಸವಾದೀತೆಂಬ ಅವರ ಭಯವೂ ಸುಳ್ಳಲ್ಲ. ಈ ಕಾರಣಕ್ಕಾಗಿಯೇ ಸರ್ವೋಚ್ಚ ನ್ಯಾಯಾಲಯ 2021ರ ಅಕ್ಟೋಬರಿನಲ್ಲಿ ಒಂದು ಲೆಕ್ಕ ಕೊಟ್ಟಿತು: ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬ, ಮೇಲಿನ ಹಂತದಲ್ಲಿ ಹದಿನೈದು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ. ಒಂದೊಂದು ಶಾಲೆಗೂ ಒಬ್ಬೊಬ್ಬರನ್ನು ನೇಮಿಸುವ ಶಕ್ತಿಯಿಲ್ಲದಿದ್ದರೆ ಒಂದೇ ಬಡಾವಣೆಯ ಮೂರು ನಾಲ್ಕು ಶಾಲೆಗಳು ಕೂಡಿ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಒಬ್ಬರನ್ನು ಹಂಚಿಕೊಳ್ಳಬಾರದೆ? ಹೊಸ ಸಭಾಂಗಣಕ್ಕೆ, ಗೇಟಿನ ಕಮಾನಿಗೆ ದಾನಿಗಳನ್ನು ಹುಡುಕಬಲ್ಲ ನಮಗೆ ಒಬ್ಬ ಶಿಕ್ಷಕಿಯ ಸಂಬಳ ಹೊಂದಿಸುವುದು ಮಾತ್ರ ಅಸಾಧ್ಯವೆಂದರೆ ನಂಬುವುದು ಕಷ್ಟ.

ಬೇಕಾದುದರಲ್ಲಿ ಬಹುಪಾಲಿಗೆ ಹೆಚ್ಚು ಹಣವೂ ಬೇಡ. ಚುನಾವಣೆಯ ದಿನ ನಮ್ಮ ಶಾಲೆಗಳು ಮತಗಟ್ಟೆಗಳಾಗುತ್ತವೆ. ಗಾಲಿಕುರ್ಚಿಯಲ್ಲಿ ಬರುವ ಮತದಾರರಿಗೆಂದು ಅಂದು ಮೆಟ್ಟಿಲ ಮೇಲೆ ಹಲಗೆಯ ಇಳಿಜಾರು ಬರುತ್ತದೆ. ಮತದಾನ ಮುಗಿದೊಡನೆ ಅದೂ ಹೋಗುತ್ತದೆ. ಐದು ವರ್ಷಕ್ಕೊಮ್ಮೆ ಮತ ಹಾಕುವವರಿಗೆ ಸಾಧ್ಯವಾದದ್ದು ದಿನವೂ ಬರಬೇಕಾದ ಮಗುವಿಗೆ ಏಕೆ ಸಾಧ್ಯವಿಲ್ಲ? ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದ ಇಳಿಜಾರು. ಗಾಲಿಕುರ್ಚಿ ತಿರುಗುವಷ್ಟು ಅಗಲವಾದ ಒಂದು ಶೌಚಾಲಯ. ಆ ಮಗುವಿನ ತರಗತಿಯನ್ನು ಮಹಡಿಯಿಂದ ನೆಲಮಟ್ಟಕ್ಕೆ ಇಳಿಸುವುದು. ದೃಷ್ಟಿ ಮಂದವಾದವನಿಗೆ ಮುಂದಿನ ಬೆಂಚು ಮತ್ತು ದಪ್ಪಕ್ಷರದ ಪ್ರಶ್ನೆಪತ್ರಿಕೆ. ಕಿವಿ ಮಂದವಾದವಳಿಗೆ, ಕಪ್ಪುಹಲಗೆಗೆ ಮುಖಮಾಡಿ ಪಾಠ ಹೇಳದ ಶಿಕ್ಷಕಿ. ಆಟಿಸಂ ಇರುವ ಮಗುವಿಗೆ ದಿನದ ವೇಳಾಪಟ್ಟಿಯನ್ನು ಚಿತ್ರಗಳಲ್ಲಿ ಅಂಟಿಸಿ, ಬದಲಾವಣೆಗಳನ್ನು ಮುಂಚೆಯೇ ತಿಳಿಸಿದರೆ ಅರ್ಧ ಗಲಾಟೆ ತಾನಾಗಿ ನಿಲ್ಲುತ್ತದೆ. ಬಾಯಲ್ಲಿ ಉತ್ತರ ಹೇಳಬಲ್ಲ, ಬರೆಯಲಾರದ ಹುಡುಗನನ್ನು ದಡ್ಡನೆಂದು ಕರೆಯುವ ಮುನ್ನ ಅವನಿಗೆ ಡಿಸ್ಲೆಕ್ಸಿಯಾ ಇದೆಯೇ ಎಂದು ಪರೀಕ್ಷೆ ಮಾಡಿಸಬೇಕು. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕ, ಭಾಷಾ ವಿನಾಯಿತಿ ಮುಂತಾದವು ಇಂಥವರಿಗೆಂದೇ ಇವೆ. ಹತ್ತನೆಯ ತರಗತಿಯ ಜನವರಿಯಲ್ಲಿ ಎಚ್ಚೆತ್ತು ಪ್ರಮಾಣಪತ್ರಕ್ಕೆ ಓಡುವುದರಿಂದ ಹೆಚ್ಚು ಪ್ರಯೋಜನವಾಗದು.

ಹಾಗೆಂದು ವಿಶೇಷ ಶಾಲೆಗಳೆಲ್ಲ ಮುಚ್ಚಬೇಕೆನ್ನುವವರ ಗುಂಪಿಗೆ ನಾವು ಸೇರಿದವರಲ್ಲ. ಮಂಗಳೂರಿನ ಸಂತ ಆಗ್ನೆಸ್ ವಿಶೇಷ ಶಾಲೆಯಲ್ಲಿ ಧರ್ಮಭಗಿನಿಯರು ಮಾಡಿದ ಸೇವೆಯನ್ನು ಸಾಮಾನ್ಯ ಶಾಲೆಯೊಂದು ಒಂದೆರಡು ವರ್ಷಗಳಲ್ಲಿ ಮಾಡಿಬಿಡಲಾರದು. ಶ್ರವಣದೋಷವುಳ್ಳ ಮಕ್ಕಳ ವಿಷಯವಂತೂ ಬೇರೆಯೇ. ಅವರಿಗೆ ಸಂಜ್ಞಾಭಾಷೆ ಬಲ್ಲ ಗೆಳೆಯರು ಬೇಕು. ಆ ಭಾಷೆ ಬಾರದ ಅರವತ್ತು ಮಂದಿಯ ನಡುವೆ ಕೂರಿಸಿ ಅದನ್ನೇ ಸಮನ್ವಯವೆಂದರೆ ಅದು ಏಕಾಂತವಾಸವೇ ಸರಿ. ಈ ವಿಷಯದಲ್ಲಿ ಧರ್ಮಸಭೆಯ ಚರಿತ್ರೆ ಎರಡು ಬಗೆಯದು. ಹದಿನೆಂಟನೆಯ ಶತಮಾನದ ಪ್ಯಾರಿಸಿನಲ್ಲಿ ಕಿವುಡ ಮಕ್ಕಳ ಕೈಸನ್ನೆಯನ್ನು ಅವರಿಂದಲೇ ಕಲಿತು, ಅದರ ಮೂಲಕವೇ ಪಾಠ ಹೇಳಿ, ಬಡವರಿಗಾಗಿ ಶಾಲೆ ತೆರೆದವರು ಒಬ್ಬ ಗುರು, ಅಬ್ಬೆ ದ ಲೆಪೆ. 1880ರಲ್ಲಿ ಮಿಲಾನಿನಲ್ಲಿ ನೆರೆದ ಶಿಕ್ಷಕರ ಸಮ್ಮೇಳನ ಸಂಜ್ಞೆಯನ್ನು ಶಾಲೆಗಳಿಂದ ಹೊರಹಾಕಿ ಬಾಯಿಮಾತೇ ಶ್ರೇಷ್ಠವೆಂದು ನಿರ್ಣಯಿಸಿತು. ಅದರ ಅಧ್ಯಕ್ಷಪೀಠದಲ್ಲಿದ್ದವರೂ ಒಬ್ಬ ಗುರುವೇ. ಆ ನಿರ್ಣಯವನ್ನು ಅಂಥದೇ ಅಂತರರಾಷ್ಟ್ರೀಯ ಸಮ್ಮೇಳನವೊಂದು ತಿರಸ್ಕರಿಸಲು 2010ರವರೆಗೆ ಕಾಯಬೇಕಾಯಿತು. ಮಗುವಿನ ಹಿತವನ್ನು ಮಗುವಿಗಿಂತ ಚೆನ್ನಾಗಿ ಬಲ್ಲೆವೆಂಬ ವಿದ್ವಾಂಸರ ವಿಶ್ವಾಸಕ್ಕೆ ತೆತ್ತ ಬೆಲೆ ನೂರಮೂವತ್ತು ವರ್ಷ. ವಿಶೇಷ ಶಾಲೆ ತಂದೆತಾಯಿ ಆರಿಸಿಕೊಂಡದ್ದಾದರೆ ನಮ್ಮ ಆಕ್ಷೇಪವಿಲ್ಲ. ಬೇರೆಲ್ಲ ಬಾಗಿಲುಗಳೂ ಮುಚ್ಚಿದ್ದರಿಂದ ಅಲ್ಲಿಗೆ ಹೋಗುವಂತಾದರೆ ಅದನ್ನು ಆಯ್ಕೆಯೆಂದು ಕರೆಯಲಾಗದು.

ಇನ್ನು ಮನೆಗಳ ಮಾತು. ಹುಟ್ಟುಕುರುಡನನ್ನು ಕಂಡ ಶಿಷ್ಯರು ಪ್ರಭು ಯೇಸುವನ್ನು ಕೇಳಿದ ಪ್ರಶ್ನೆ ಯಾರ ಪಾಪದ ಫಲವಿದು ಎಂಬುದಾಗಿತ್ತು. ಅವನದೂ ಅಲ್ಲ, ಹೆತ್ತವರದೂ ಅಲ್ಲವೆಂದು ಅವರು ಸ್ಪಷ್ಟವಾಗಿ ಉತ್ತರಿಸಿದ್ದನ್ನು ಸಂತ ಯೊವಾನ್ನರು ದಾಖಲಿಸಿ ಸುಮಾರು ಎರಡು ಸಾವಿರ ವರ್ಷಗಳಾದವು. ಆದರೂ ಆ ಪ್ರಶ್ನೆ ನಮ್ಮ ಹಜಾರಗಳಲ್ಲಿ ಇನ್ನೂ ಸತ್ತಿಲ್ಲ. ಅತ್ತೆ ಸೊಸೆಯ ಕಡೆ ನೋಡುತ್ತಾಳೆ, ಸೊಸೆ ಗಂಡನ ವಂಶದ ಕಡೆ ಬೊಟ್ಟುಮಾಡುತ್ತಾಳೆ. ಅಕ್ಕನ ಮದುವೆಗೆ ಅಡ್ಡಿಯಾದೀತೆಂದು ತಮ್ಮನನ್ನು ನೆಂಟರಿಗೆ ತೋರಿಸದ ಮನೆಗಳಿವೆ. ಈ ನಾಚಿಕೆಯಲ್ಲಿ ಕಳೆದುಹೋಗುವುದು ಮಗುವಿನ ಮೊದಲ ಮೂರು ನಾಲ್ಕು ವರ್ಷ, ಅಂದರೆ ಚಿಕಿತ್ಸೆ ತರಬೇತಿಗಳು ಅತ್ಯಂತ ಫಲಕೊಡುವ ಕಾಲ. ಹೆಸರು ಹಿಡಿದು ಕೂಗಿದರೆ ತಿರುಗಿ ನೋಡದ, ಒಂದು ವರ್ಷವಾದರೂ ಬೆರಳು ಚಾಚಿ ತೋರಿಸದ, ಒಂದೂವರೆ ವರ್ಷವಾದರೂ ಒಂದು ಮಾತೂ ಆಡದ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು. ಅವನ ಚಿಕ್ಕಪ್ಪನೂ ತಡವಾಗಿಯೇ ಮಾತಾಡಿದ್ದನೆಂಬ ಅಜ್ಜಿಯ ಸಮಾಧಾನವನ್ನು ಪ್ರೀತಿಯಿಂದ ಕೇಳಿಸಿಕೊಳ್ಳೋಣ, ಆದರೆ ಅದನ್ನು ವೈದ್ಯರ ಮಾತಿನ ಬದಲಿಗೆ ಇಟ್ಟುಕೊಳ್ಳುವುದು ಬೇಡ. ನಮ್ಮ ಬಡಾವಣೆಯಲ್ಲಿ ಮನೆಯಲ್ಲೊಂದು ಭಾಷೆ, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು. ಮಾತು ತಡವಾದುದಕ್ಕೆ ಮೂರು ಭಾಷೆಗಳ ಮೇಲೆ ತಪ್ಪು ಹೊರಿಸಿ ಕಾಯುತ್ತ ಕೂರುವುದೂ ಉಂಟು. ಕಿವಿ ಕೇಳುತ್ತಿದೆಯೇ ಎಂಬುದನ್ನು ಮೊದಲು ಪರೀಕ್ಷಿಸಲಿ.

ಧರ್ಮಕೇಂದ್ರಗಳ ಪಾಲೂ ಇದರಲ್ಲಿ ಸಣ್ಣದಲ್ಲ. ಮನುಷ್ಯನೆಂದರೆ ಬುದ್ಧಿಯುಳ್ಳ ಪ್ರಾಣಿ ಎಂದು ಸೆಮಿನರಿಯಲ್ಲಿ ನಮಗೆ ಕಲಿಸಿದರು. ಹಾಗಾದರೆ ಬುದ್ಧಿ ಮಂದವಾದವನು ಮನುಷ್ಯನಲ್ಲವೆ? ಅರಿಸ್ಟಾಟಲ್ ಅಂಗಹೀನ ಶಿಶುವನ್ನು ಸಾಕದಿರಲು ಕಾನೂನಿರಲಿ ಎಂದು ಬರೆದುಬಿಟ್ಟ. ಅವನನ್ನು ಗುರುವೆಂದು ಗೌರವಿಸಿದ ಸಂತ ಥಾಮಸ್ ಅಕ್ವಿನಾಸರು ಆ ದಾರಿಯಲ್ಲಿ ಹೋಗಲಿಲ್ಲ. ಒಂದು ಶಕ್ತಿ ಇಂದು ಕೆಲಸ ಮಾಡದಿದ್ದ ಮಾತ್ರಕ್ಕೆ ಸ್ವಭಾವವೇ ಇಲ್ಲವಾಗದು, ನಿದ್ರಿಸುವವನು ಮನುಷ್ಯನಾಗಿಯೇ ಇರುವಂತೆ. ವಿವೇಚನೆ ಕ್ಷೀಣವಾಗಿರುವವರಿಗೂ ಭಕ್ತಿ ಮೂಡಬಲ್ಲದಾದ್ದರಿಂದ ಪರಮಪ್ರಸಾದವನ್ನು ನಿರಾಕರಿಸಬಾರದೆಂದು ಅವರು ಹದಿಮೂರನೆಯ ಶತಮಾನದಲ್ಲಿಯೇ ವಾದಿಸಿದರು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 777ನೆಯ ವಿಧಿ ದೇಹದಲ್ಲಾಗಲಿ ಮನಸ್ಸಿನಲ್ಲಾಗಲಿ ಊನವುಳ್ಳವರಿಗೂ ಅವರ ಶಕ್ತಿಗನುಸಾರ ಧರ್ಮೋಪದೇಶ ದೊರೆಯುವಂತೆ ನೋಡುವುದನ್ನು ವಿಚಾರಣಾ ಗುರುಗಳ ಕರ್ತವ್ಯವೆಂದು ವಿಧಿಸಿದೆ. ಧರ್ಮೋಪದೇಶದ ತರಗತಿಯಲ್ಲಿ ಎಲ್ಲ ಜಪಗಳನ್ನೂ ಬಾಯಿಪಾಠ ಒಪ್ಪಿಸಲಾರದ ಮಗುವಿಗೆ ಮುಂದಿನ ವರ್ಷ ನೋಡೋಣ ಎನ್ನುವ ಉಪದೇಶಕರಿಗೆ ಈ ವಿಧಿಯನ್ನು ಓದಿ ಹೇಳುವವರಾರು? ಪೂಜೆಯ ನಡುವೆ ಕೂಗುವ ಮಗುವಿನ ಕಡೆಗೆ ಹೊರಳುವ ತಲೆಗಳು ಎಷ್ಟೋ ಕುಟುಂಬಗಳನ್ನು ದೇವಾಲಯದಿಂದಲೇ ದೂರಮಾಡಿವೆ.

ಮುಂದಿನ ಸಾಲಿನ ಪ್ರವೇಶದ ಅರ್ಜಿಗಳಿಗಾಗಿ ಓಡಾಡುವ ತಂದೆತಾಯಂದಿರು ಯುಡಿಐಡಿ ಗುರುತಿನ ಚೀಟಿಯನ್ನೂ, ವೈದ್ಯರ ವರದಿಗಳನ್ನೂ ಮೊದಲು ಸಿದ್ಧಪಡಿಸಿಕೊಳ್ಳಬೇಕು. ಗುರುತಿನ ಚೀಟಿ ಇನ್ನೂ ಬಾರದಿದ್ದರೆ ಅರ್ಜಿ ಹಾಕಿದ ರಸೀದಿಯನ್ನಾದರೂ ಜೊತೆಗಿಡಲಿ. ಶಾಲೆಗೆ ಬರೆದ ಅರ್ಜಿಯ ಪ್ರತಿಯೊಂದಕ್ಕೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಲಿ. ಸೇರಿಸಿಕೊಳ್ಳುವುದಿಲ್ಲವೆಂದಾದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಲಿ. ಬಾಯಿಮಾತಿನಲ್ಲಿ ಸುಲಭವಾಗಿ ಬರುವ ನಿರಾಕರಣೆ ಕಾಗದದ ಮೇಲೆ ಬರುವಾಗ ತಡವರಿಸುತ್ತದೆ. ಉತ್ತರ ಬಾರದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೂ, ಅಲ್ಲಿಯೂ ಆಗದಿದ್ದರೆ ರಾಜ್ಯದ ಅಂಗವಿಕಲರ ಆಯುಕ್ತರಿಗೂ ದೂರು ಸಲ್ಲಿಸಲು ಅವಕಾಶವಿದೆ. ಒಬ್ಬರೇ ಹೋಗಲು ಹಿಂಜರಿಯುವವರ ಜೊತೆಗೆ ಧರ್ಮಕೇಂದ್ರದ ಪಾಲನಾ ಪರಿಷತ್ತಿನ ಇಬ್ಬರು ಸದಸ್ಯರು ಹೋಗಲಿ. ಶಾಲೆ ನಮ್ಮದೇ ಆಗಿದ್ದರೆ ಅವರು ಹೋಗುವುದು ಇನ್ನೂ ಅಗತ್ಯ.