ಮಕ್ಕಳ ವಿದ್ಯಾಭ್ಯಾಸ: ಅನ್ವಯಿಕ ಭೌತಶಾಸ್ತ್ರ

ಕಳೆದ ವಾರ ಸಾಯಂಕಾಲ ನಮ್ಮ ಮಿತ್ರರೊಬ್ಬರು ಮನೆಗೆ ದಯಮಾಡಿಸಿ, ಬಹಳ ಹೊತ್ತು ಅದೂ ಇದೂ ಮಾತನಾಡಿದ ಮೇಲೆ ಬಂದ ಕಾರ್ಯವನ್ನು ತಿಳಿಸಿದರು. ಅವರ ಹಿರಿಯ ಮಗಳು ಪಿ.ಯು.ಸಿ. ಪರೀಕ್ಷೆಯಲ್ಲಿ ಉತ್ತಮವಾಗಿ ತೇರ್ಗಡೆಯಾಗಿದ್ದಾಳೆ. ಕಂಪ್ಯೂಟರ್ ಎಂಜಿನಿಯರಿಂಗಿನಲ್ಲಿ ಸೀಟು ದೊರೆಯುವಂತಿದ್ದರೂ ಅದನ್ನು ಬಿಟ್ಟು ಅನ್ವಯಿಕ ಭೌತಶಾಸ್ತ್ರವನ್ನೇ ಓದುವೆನೆಂದು ಹಟ ಹಿಡಿದಿದ್ದಾಳೆ. "ಎಂಜಿನಿಯರೆಂದರೆ ಬಲ್ಲೆ, ಮೇಷ್ಟರೆಂದರೆ ಬಲ್ಲೆ. ಇದು ಎರಡೂ ಅಲ್ಲವಂತೆ. ಹಾಗಾದರೆ ಇದೇನು ಸ್ವಾಮಿ? ಕೂಡಿಟ್ಟ ಹಣ ಇವಳ ನಾಲ್ಕು ವರ್ಷಕ್ಕೆ ಸರಿಹೋಗುತ್ತದೆ, ಹಿಂದೆ ತಮ್ಮನೊಬ್ಬನಿದ್ದಾನೆ, ಒಮ್ಮೆ ತಪ್ಪಿದರೆ ಮತ್ತೊಮ್ಮೆ ಸೇರಿಸುವ ಶಕ್ತಿ ನನಗಿಲ್ಲ" ಎಂದರು. ಈ ಋತುವಿನಲ್ಲಿ ಇಂಥ ಚಿಂತೆ ಅನೇಕ ಮನೆಗಳಲ್ಲಿರುವುದರಿಂದ, ಅವರಿಗೆ ಹೇಳಿದುದನ್ನೇ ವಾಚಕರ ಮುಂದೆಯೂ ಇಡುತ್ತೇವೆ.

ಮಿತ್ರರ ತಲೆಯ ಮೇಲೆ ಉರಿಯುತ್ತಿದ್ದ ಎಲ್.ಇ.ಡಿ. ದೀಪವನ್ನು ನಾವು ತೋರಿಸಿದೆವು. ಹಳೆಯ ತಂತಿಬಲ್ಬು ೬೦ ವಾಟ್ ವಿದ್ಯುತ್ತನ್ನು ನುಂಗಿ ಕೊಡುತ್ತಿದ್ದಷ್ಟು ಬೆಳಕನ್ನು ಇದು ಸುಮಾರು ೯ ವಾಟಿನಲ್ಲಿ ಕೊಡುತ್ತದೆ. ಇದನ್ನು ಸಿಕ್ಕಿಸುವವನು ವೈರಿಂಗ್ ಕೆಲಸದವನು. ಇದಕ್ಕೆ ಎಷ್ಟು ವಿದ್ಯುತ್ತನ್ನು ಹೇಗೆ ಹರಿಸಬೇಕೆಂದು ಗೊತ್ತುಮಾಡುವವನು ಎಂಜಿನಿಯರು. ಆದರೆ ಒಂದು ಸ್ಫಟಿಕದಲ್ಲಿ ವಿದ್ಯುತ್ತು ಹರಿದರೆ ಬೆಳಕೇಕೆ ಹೊಮ್ಮಬೇಕು, ಅದು ಕೆಂಪಾಗದೆ ನೀಲಿಯಾಗಬೇಕಾದರೆ ಎಂಥ ಸ್ಫಟಿಕ ಬೇಕು, ಅದನ್ನು ದೋಷವಿಲ್ಲದಂತೆ ಬೆಳೆಸುವ ಬಗೆ ಹೇಗೆ ಎಂದು ವಿಚಾರಿಸಿ, ತನ್ನ ಕೈಯಿಂದಲೇ ಮಾಡಿ ನೋಡುವವರೂ ಬೇಕಷ್ಟೆ. ಅವರ ವಿದ್ಯೆಯೇ ಅನ್ವಯಿಕ ಭೌತಶಾಸ್ತ್ರ.

ಕಣ್ಣಿಗೆ ಕಾಣುವ ಕೆಂಪು ಎಲ್.ಇ.ಡಿ. ೧೯೬೨ರಲ್ಲಿಯೇ ಹುಟ್ಟಿತು. ಪ್ರಕಾಶಮಾನವಾದ ನೀಲಿಗಾಗಿ ಲೋಕವು ೧೯೯೦ರ ದಶಕದವರೆಗೆ ಕಾಯಬೇಕಾಯಿತು. ನೀಲಿಯಿಲ್ಲದೆ ಬಿಳಿಯಿಲ್ಲ, ಏಕೆಂದರೆ ನಮ್ಮ ಮನೆಯ ಬಿಳಿಯ ದೀಪವೆಂಬುದು ನೀಲಿ ದೀಪದ ಮೇಲೆ ಹಳದಿ ಬೆಳಕನ್ನು ಬೀರುವ ಲೇಪವನ್ನು ಬಳಿದದ್ದೇ ಆಗಿದೆ. ಬೇಕಾಗಿದ್ದುದು ಗ್ಯಾಲಿಯಂ ನೈಟ್ರೈಡ್ ಎಂಬ ಸ್ಫಟಿಕ, ಅದಾದರೋ ನೀಲಮಣಿಯ ಬಿಲ್ಲೆಯ ಮೇಲೆ ನೆಟ್ಟಗೆ ಬೆಳೆಯಲೊಲ್ಲದು. ಜಪಾನಿನ ನಗೋಯಾ ವಿಶ್ವವಿದ್ಯಾನಿಲಯದಲ್ಲಿ ಇಸಾಮು ಅಕಸಾಕಿಯವರ ಪ್ರಯೋಗಶಾಲೆಗೆ ೧೯೮೨ರಲ್ಲಿ ಹಿರೋಶಿ ಅಮಾನೋ ಎಂಬ ತರುಣನು ಸೇರಿದನು, ಆಗ ಅವನಿನ್ನೂ ಪದವಿಯ ವಿದ್ಯಾರ್ಥಿ. ನಡುವೆ ಅಲ್ಯೂಮಿನಿಯಂ ನೈಟ್ರೈಡಿನ ತೆಳುವಾದ ಪದರವನ್ನು ಹಾಸಿದರೆ ಸ್ಫಟಿಕವು ಚೆನ್ನಾಗಿ ಬೆಳೆಯುವುದೆಂದು ಗುರುಶಿಷ್ಯರು ೧೯೮೬ರಲ್ಲಿ ತೋರಿಸಿದರು. ಬೇರೆಡೆ ಇದೇ ಕಾರ್ಯವನ್ನು ಸಾಧಿಸಿದ ಶುಜಿ ನಕಮುರಾ ಅವರೊಡನೆ ಇವರಿಬ್ಬರಿಗೂ ೨೦೧೪ರ ನೊಬೆಲ್ ಪಾರಿತೋಷಕ ದೊರೆಯಿತು. ಓದುವ ಹುಡುಗರೆಲ್ಲರಿಗೂ ನೊಬೆಲ್ ಬರುವುದೆಂದು ನಾವು ಹೇಳಹೊರಟಿಲ್ಲ. ಕುಲುಮೆಯ ಮುಂದೆ ವರ್ಷಗಟ್ಟಲೆ ಕೂಡಬೇಕಾದ ವಿದ್ಯೆಯಿದು ಎಂಬುದನ್ನು ಮಾತ್ರ ಗಮನಿಸಬೇಕು.

ಮೊದಲೆರಡು ವರ್ಷಗಳ ಪಾಠವು ಶುದ್ಧ ಭೌತಶಾಸ್ತ್ರದ ಪಾಠಕ್ಕಿಂತ ಹೆಚ್ಚು ಭಿನ್ನವಲ್ಲ: ಚಲನೆ, ಉಷ್ಣ, ಬೆಳಕು, ವಿದ್ಯುತ್ತು ಮತ್ತು ಕಾಂತತೆ, ಜೊತೆಗೆ ಹೊರೆಗಟ್ಟಲೆ ಗಣಿತ. ಆಮೇಲೆ ಕ್ವಾಂಟಂ ಸಿದ್ಧಾಂತ, ಘನವಸ್ತುಗಳ ಸ್ವಭಾವ, ಅರೆವಾಹಕಗಳು, ಲೇಸರ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ವಿಧಾನ. ಪ್ರಯೋಗಶಾಲೆಯಲ್ಲಿ ಒಂದು ಅಳತೆಯನ್ನು ಬರೆದರೆ ಸಾಲದು, ಅದರಲ್ಲಿ ಎಷ್ಟು ತಪ್ಪಿರಬಹುದೆಂಬುದನ್ನೂ ಪಕ್ಕದಲ್ಲಿ ಬರೆಯಬೇಕು. (ಈ ಅಭ್ಯಾಸವು ನಮ್ಮಂಥ ಪತ್ರಿಕೆಯವರಿಗೂ ಇದ್ದಿದ್ದರೆ ಒಳ್ಳೆಯದಿತ್ತು.) ರೇಡಿಯೋ ಬಿಚ್ಚಿ ಜೋಡಿಸುವುದರಲ್ಲಿ ಉತ್ಸಾಹವಿದ್ದು ಗಣಿತದಲ್ಲಿ ಬೇಸರವಿರುವ ಮಗುವನ್ನು ಇಲ್ಲಿಗೆ ಸೇರಿಸಬಾರದು. ಆ ಮಗುವಿಗೆ ಬೇರೆ ಒಳ್ಳೆಯ ದಾರಿಗಳಿವೆ.

ಇನ್ನು ಹಣದ ಮಾತು. ಬರಿಯ ಪದವಿಯಿಂದ ನಿಂತುಬಿಟ್ಟವರಿಗೆ ಈ ವಿದ್ಯೆ ಸುಲಭವಾಗಿ ಅನ್ನ ಕೊಡುವುದಿಲ್ಲವೆಂದೇ ನಮ್ಮ ಅಭಿಪ್ರಾಯ. ಕೆಲಸದ ಜಾಹೀರಾತುಗಳಲ್ಲಿ ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್ ಎಂಬ ಹೆಸರುಗಳಿರುತ್ತವೆ, ಈ ಹೆಸರು ಅಪರೂಪ. ಆದಕಾರಣ ಮುಂದಿನ ಎರಡು ವರ್ಷದ ಎಂ.ಎಸ್‌ಸಿ. ಅಥವಾ ಎಂ.ಟೆಕ್. ವೆಚ್ಚವನ್ನೂ ಈಗಲೇ ಲೆಕ್ಕ ಹಾಕಿಕೊಳ್ಳುವುದು ಲೇಸು. ಆದರೆ ಎರಡು ವಿದ್ಯೆಗಳ ನಡುವಣ ಗೋಡೆ ಜನರು ಭಾವಿಸಿರುವಷ್ಟು ದಪ್ಪವಲ್ಲ. ೧೯೪೭ರಲ್ಲಿ ಟ್ರಾನ್ಸಿಸ್ಟರನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಜಾನ್ ಬಾರ್ಡೀನರು ಮೊದಲು ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. ಅವರಿಗೆ ೧೯೫೬ರಲ್ಲಿಯೂ ೧೯೭೨ರಲ್ಲಿಯೂ ನೊಬೆಲ್ ದೊರೆತದ್ದು ಭೌತಶಾಸ್ತ್ರದಲ್ಲಿ.

ಹೆಣ್ಣುಮಗುವಿಗೆ ಇಷ್ಟು ವರ್ಷದ ಓದೇಕೆಂದು ಮನೆಯಲ್ಲಿ ಅಜ್ಜಿಯವರು ಕೇಳುತ್ತಿದ್ದಾರಂತೆ. ಅವರಿಗೆ ನಮ್ಮ ನಾಡಿನ ರಾಜೇಶ್ವರಿ ಚಟರ್ಜಿಯವರ ವೃತ್ತಾಂತವನ್ನು ಹೇಳಬಹುದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿ, ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿಗೆ ಸೇರಿ, ಅನಂತರ ಅಮೆರಿಕದ ಮಿಚಿಗನ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು, ೧೯೫೩ರಲ್ಲಿ ಅದೇ ಇನ್‌ಸ್ಟಿಟ್ಯೂಟಿಗೆ ಅಧ್ಯಾಪಕರಾಗಿ ಮರಳಿ, ಮೈಕ್ರೋವೇವ್ ಮತ್ತು ಆಂಟೆನಾಗಳ ವಿಷಯವನ್ನು ಅವರು ಬೋಧಿಸಿದರು.

ಮುಂಬಯಿ, ದೆಹಲಿ, ಮದರಾಸುಗಳ ಐ.ಐ.ಟಿ.ಗಳಲ್ಲಿ ಈ ವ್ಯಾಸಂಗಕ್ಕೆ ಎಂಜಿನಿಯರಿಂಗ್ ಫಿಸಿಕ್ಸ್ ಎಂದು ಹೆಸರು, ನಾಲ್ಕು ವರ್ಷದ ಬಿ.ಟೆಕ್. ಪದವಿ. ಬೆಂಗಳೂರಿನ ಇನ್‌ಸ್ಟಿಟ್ಯೂಟಿನಲ್ಲಿ ೨೦೧೧ರಲ್ಲಿ ಆರಂಭವಾದ ನಾಲ್ಕು ವರ್ಷದ ವ್ಯಾಸಂಗದಲ್ಲಿ ಭೌತಶಾಸ್ತ್ರವನ್ನು ಮುಖ್ಯವಾಗಿ ಆರಿಸಿಕೊಂಡರೂ ಮೊದಲು ಎಂಜಿನಿಯರಿಂಗ್ ಪಾಠಗಳೂ ಕೊನೆಗೆ ಸಂಶೋಧನೆಯೂ ಸೇರಿಯೇ ಇರುತ್ತವೆ. ಆದುದರಿಂದ ಹೆಸರನ್ನು ನೋಡದೆ ಪಠ್ಯಕ್ರಮವನ್ನು ತರಿಸಿ ಓದತಕ್ಕದ್ದು.

ಹತ್ತಿರದ ಕಾಲೇಜಿಗೆ ಹೋದಾಗ ಕೇಳಬೇಕಾದುದನ್ನು ಮಿತ್ರರು ಒಂದು ಲಗ್ನಪತ್ರಿಕೆಯ ಹಿಂಬದಿಯಲ್ಲಿ ಬರೆದುಕೊಂಡರು: ವಾರಕ್ಕೆ ಪ್ರಯೋಗಶಾಲೆಯಲ್ಲಿ ಎಷ್ಟು ಗಂಟೆ, ಉಪಕರಣಗಳನ್ನು ಹುಡುಗರೇ ಮುಟ್ಟುವರೋ ಅಥವಾ ದೂರ ನಿಂತು ನೋಡುವರೋ, ಕಳೆದ ಸಲ ಹೊರಬಂದವರು ಎಲ್ಲಿದ್ದಾರೆ. ಬರುವ ಸೋಮವಾರ ತಂದೆಯೂ ಮಗಳೂ ಹೋಗಿಬರುವುದೆಂದು ನಿಶ್ಚಯವಾಗಿದೆ.