ಹೊಸಬರ ಕಿವಿಗೆ ಕರಡಿಯ ಮಾತು ಬೀಳಲಿ

ಮಳೆ ನಿಂತು ಚಳಿ ಶುರುವಾಯಿತೆಂದರೆ ಬೆಂಗಳೂರಿನ ಸುತ್ತಲ ಬೆಟ್ಟಗಳಿಗೆ ವಾರಾಂತ್ಯದ ಚಾರಣಿಗರ ಸಾಲು ಹತ್ತುತ್ತದೆ. ಸ್ಕಂದಗಿರಿ, ಮಾಕಳಿದುರ್ಗ, ಸಾವನದುರ್ಗ, ರಾಮನಗರದ ಬಂಡೆಗಳು, ಆಚೆಗೆ ದೇವರಾಯನದುರ್ಗ, ಮಧುಗಿರಿ. ಗುಂಪಿನಲ್ಲಿ ಜೀವನದಲ್ಲೇ ಮೊದಲ ಸಲ ಬೆಟ್ಟ ಹತ್ತುವವರು ಒಬ್ಬಿಬ್ಬರಾದರೂ ಇರುತ್ತಾರೆ. ಅವರನ್ನು ಕರೆತಂದ ಗೆಳೆಯರು ಶೂ, ನೀರಿನ ಬಾಟಲಿ, ಟಾರ್ಚ್ ಎಲ್ಲವನ್ನೂ ನೆನಪಿಸಿರುತ್ತಾರೆ, ಕರಡಿಯ ಸುದ್ದಿಯೊಂದನ್ನು ಬಿಟ್ಟು. ಹೇಳಿದರೆ ಎಲ್ಲಿ ಹೆದರಿ ಬರುವುದಿಲ್ಲವೋ ಎಂಬ ಅಳುಕು. ಹೆದರಿ ಮನೆಯಲ್ಲಿ ಉಳಿದವರಿಗೆ ನಷ್ಟವೇನೂ ಇಲ್ಲ. ಏನೂ ತಿಳಿಯದೆ ಹತ್ತಿದವರಿಗೆ ಉಂಟು.

ಬಂಡೆ ಮತ್ತು ಕುರುಚಲು ಕಾಡು ಇರುವ ಬಯಲುಸೀಮೆಯ ಗುಡ್ಡಗಳೇ ನಮ್ಮ ಕರಡಿಯ ಮನೆ. 1994ರಲ್ಲಿ ದರೋಜಿಯಲ್ಲಿ ಕರಡಿಗಳಿಗೆಂದೇ ಧಾಮ ಮಾಡಿದ್ದು ಅಂಥದೇ ಬಂಡೆಗುಡ್ಡಗಳ ನಡುವೆ. ಅಲ್ಲಿನ ವೀಕ್ಷಣಾ ಗೋಪುರದಲ್ಲಿ ನಿಂತು, ಎದುರಿನ ಬಂಡೆಗೆ ಸವರಿದ ಬೆಲ್ಲದ ಪಾಕ ನೆಕ್ಕುವ ಕರಡಿಯನ್ನು ನೋಡಿದವರಿಗೆ ಅದು ತೀರಾ ಸಾಧು ಪ್ರಾಣಿ ಅನ್ನಿಸುತ್ತದೆ. ದೂರವಿದ್ದಷ್ಟು ಹೊತ್ತು ಅದು ನಿಜವೂ ಹೌದು. ಮನುಷ್ಯನನ್ನು ಬೇಟೆಯಾಡುವ ಉದ್ದೇಶ ಅದಕ್ಕಿಲ್ಲ. ಗೆದ್ದಲು, ಇರುವೆ, ಜೇನು, ಕಾಡುಹಣ್ಣು ಅದರ ಊಟ. ಆದರೆ ಹುತ್ತ ಬಗೆದು ಮೂತಿ ತೂರಿಸಿ ಗೆದ್ದಲು ಹೀರುವಾಗ ಅದಕ್ಕೆ ಸುತ್ತಲ ಪರಿವೆ ಇರುವುದಿಲ್ಲ. ಕಣ್ಣು ಅಷ್ಟು ಚುರುಕಲ್ಲ, ಹೀರುವ ಸದ್ದೋ ದೂರಕ್ಕೂ ಕೇಳುವಷ್ಟು ಜೋರು. ಅಂಥ ಹೊತ್ತಿನಲ್ಲಿ ಹತ್ತು ಹೆಜ್ಜೆ ದೂರದಲ್ಲಿ ಮನುಷ್ಯ ಕಂಡರೆ ಓಡಿಹೋಗುವ ಬದಲು ಮೇಲೆಯೇ ಬೀಳುತ್ತದೆ. ಹುಲಿಯ ಜೊತೆ ಒಂದೇ ಕಾಡಿನಲ್ಲಿ ಬಾಳಿ ಬಂದ ಪ್ರಾಣಿಗೆ ಎದುರಿಸಿ ನಿಲ್ಲುವುದೇ ರೂಢಿ. ಬೆನ್ನ ಮೇಲೆ ಮರಿ ಹೊತ್ತ ತಾಯಿಯಾದರಂತೂ ಕೇಳುವುದೇ ಬೇಡ. ಹುತ್ತ ಅಗೆಯಲೆಂದು ಬೆಳೆದ ಉದ್ದನೆಯ ಬಾಗಿದ ಉಗುರು ಹೆಚ್ಚಾಗಿ ತಾಗುವುದು ತಲೆಗೆ, ಮುಖಕ್ಕೆ. ಬದುಕಿ ಉಳಿದವರು ಕಣ್ಣು, ಮೂಗು, ದವಡೆ ಕಳೆದುಕೊಂಡ ಉದಾಹರಣೆಗಳು ಬೇಕಾದಷ್ಟಿವೆ.

‘ಹೊಸಬರಿಗೆ ಸೂಕ್ತ’ ಎಂದು ಚಾರಣ ಏರ್ಪಡಿಸುವವರು ಜಾಹೀರಾತು ಹಾಕುವಾಗ ನೋಡುವುದು ಎಷ್ಟು ಕಿಲೋಮೀಟರ್, ಎಷ್ಟು ಏರು ಎಂಬುದನ್ನಷ್ಟೆ. ಎಷ್ಟು ಹೊತ್ತಿಗೆ ಹತ್ತುತ್ತೇವೆ ಎಂಬುದೂ ಆ ಲೆಕ್ಕಕ್ಕೆ ಸೇರಬೇಕು. ಸೂರ್ಯೋದಯ ನೋಡುವ ಆಸೆಗೆ ಕತ್ತಲಲ್ಲೇ ಹೊರಡುವುದು ಈಗ ಪದ್ಧತಿಯಾಗಿಬಿಟ್ಟಿದೆ. ರಾತ್ರಿಯೆಲ್ಲ ಮೇದ ಕರಡಿ ಬಂಡೆಯ ಸಂದಿಗೆ, ಗವಿಗೆ ಮರಳುವುದು ಅದೇ ಹೊತ್ತಿನಲ್ಲಿ. ಮೊದಲ ಸಲದವರನ್ನು ಕರೆದೊಯ್ಯುವವರು ಸೂರ್ಯೋದಯದ ಫೋಟೊ ಬಿಟ್ಟುಕೊಡಲಿ. ಚೆನ್ನಾಗಿ ಬೆಳಕು ಹರಿದ ಮೇಲೆ ಹತ್ತಿ, ಸಂಜೆಗೆ ಮೊದಲು ಇಳಿದುಬಿಡಲಿ.

ಗುಂಪಿನಲ್ಲಿದ್ದೇವೆ ಎಂಬ ಧೈರ್ಯವನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು. ಇಪ್ಪತ್ತು ಜನ ಹೊರಟರೂ ಅರ್ಧ ಗಂಟೆಯಲ್ಲಿ ಸಾಲು ಉದ್ದವಾಗುತ್ತದೆ. ಕಾಲು ಚುರುಕಾದವರು ಮುಂದೆ, ಹೊಸಬರು ಏದುಸಿರು ಬಿಡುತ್ತ ಕೊನೆಯಲ್ಲಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಮಾತಿಲ್ಲದೆ. ಮೂತ್ರಕ್ಕೆಂದು ದಾರಿ ಬಿಟ್ಟು ದೊಡ್ಡ ಬಂಡೆಯ ಮರೆಗೆ ಸರಿಯುವವರೂ ಅವರೇ, ಬಿಸಿಲಿಗೆ ನೆರಳೆಂದು ಗವಿಯ ಬಾಯಲ್ಲಿ ಕೂರುವವರೂ ಅವರೇ. ಸದ್ದಿಲ್ಲದ ಒಂಟಿ ಮನುಷ್ಯ ಕರಡಿಗೆ ಎದುರಾಗುವುದು ಹೀಗೆ. ಹೊಸಬರ ನಡಿಗೆಯ ವೇಗವೇ ಇಡೀ ಗುಂಪಿನ ವೇಗವಾಗಬೇಕು. ಅನುಭವಿಯೊಬ್ಬರು ಕೊನೆಯಲ್ಲೇ ನಡೆಯಬೇಕು. ಬಂಡೆಯ ಮರೆಗೆ ಹೋಗುವ ಮುನ್ನ ಚಪ್ಪಾಳೆ ತಟ್ಟಿ, ಕೋಲಿನಿಂದ ನೆಲ ಕುಟ್ಟಿ, ನಾಲ್ಕು ಕ್ಷಣ ಕಾದು ಹೋಗಬೇಕು. ಕಾಡಿನಲ್ಲಿ ಮೌನವಾಗಿರಬೇಕೆಂಬುದು ಒಳ್ಳೆಯ ಪಾಠವೇ. ಆದರೂ ಪೊದೆ ದಟ್ಟವಾದ ತಿರುವುಗಳಲ್ಲಿ ಸಹಜವಾಗಿ ಮಾತಾಡುತ್ತ ನಡೆಯುವುದು ಕರಡಿಗೂ ಒಳ್ಳೆಯದು, ಅದಕ್ಕೆ ಸರಿದು ಹೋಗಲು ಸಮಯ ಸಿಗುತ್ತದೆ. ಬ್ಲೂಟೂತ್ ಸ್ಪೀಕರ್ ಬೇಡ. ಅದು ಹಾಡುತ್ತಿದ್ದರೆ ಕರಡಿಯ ಸದ್ದು ನಮಗೆ ಕೇಳುವುದಿಲ್ಲ. ಹೊಸದಾಗಿ ಬಗೆದ ಹುತ್ತವೋ, ಹಣ್ಣಿನ ಬೀಜ ತುಂಬಿದ ಹಸಿ ಲದ್ದಿಯೋ ದಾರಿಯಲ್ಲಿ ಕಂಡರೆ ಅದನ್ನು ಹೊಸಬರಿಗೆ ತೋರಿಸಿ, ಇದು ಏನೆಂದು ಹೇಳಿ, ಹಿಂದಿರುಗಬೇಕು.

ಕರಡಿ ಮತ್ತು ಇಬ್ಬರು ಗೆಳೆಯರ ಕಥೆ ಕೇಳದೆ ಬೆಳೆದ ಕನ್ನಡದ ಮಕ್ಕಳಿಲ್ಲ. ಒಬ್ಬ ಮರ ಹತ್ತಿದ, ಇನ್ನೊಬ್ಬ ಸತ್ತಂತೆ ಮಲಗಿದ. ಅಷ್ಟನ್ನೇ ನಂಬಿ ಬೆಟ್ಟಕ್ಕೆ ಹೋಗುವಂತಿಲ್ಲ. ಜೇನಿಗಾಗಿ ಮರ ಹತ್ತುವ ಪ್ರಾಣಿಯಿಂದ ಮರ ಯಾರನ್ನೂ ಕಾಯದು. ಕಥೆಯ ಚಿತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ಹಾಗೆ ಅಂಗಾತ ಮಲಗಿದರೆ ಮುಖವನ್ನೇ ಒಡ್ಡಿಕೊಟ್ಟಂತೆ. ಅಮೆರಿಕದ ಕರಡಿಗಳ ಬಗ್ಗೆ ವಿಡಿಯೊ ನೋಡಿ ಕಲಿತದ್ದೂ ಇಲ್ಲಿ ಪೂರ್ತಿ ಹೊಂದುವುದಿಲ್ಲ, ಅದು ಬೇರೆ ಜಾತಿ, ಬೇರೆ ಸ್ವಭಾವ. ಕರಡಿ ದೂರದಲ್ಲಿ ಕಂಡರೆ ನಿಂತು, ಎಲ್ಲರೂ ಒಟ್ಟುಗೂಡಿ, ಅದರ ಕಡೆಗೇ ಮುಖವಿಟ್ಟುಕೊಂಡು ನಿಧಾನ ಹಿಂದೆ ಸರಿಯಬೇಕು. ಓಡಬಾರದು, ಓಟದಲ್ಲಿ ಅದು ನಮ್ಮನ್ನು ಮೀರಿಸುತ್ತದೆ, ಓಡಿದಾಗ ಹಿಂದೆ ಬೀಳುವವರು ಹೊಸಬರೇ. ಮೊಬೈಲ್ ಎತ್ತಿ ಹತ್ತಿರ ಹೋಗುವ ಮಾತಂತೂ ಇಲ್ಲ. ತಪ್ಪಿಸಿಕೊಳ್ಳಲಾಗದೆ ಮೈಮೇಲೆಯೇ ಬಿದ್ದರೆ ಬೋರಲು ಮಲಗಿ, ಬೆರಳು ಹೆಣೆದು ಕತ್ತಿನ ಹಿಂಭಾಗ ಮುಚ್ಚಿ, ಮುಖವನ್ನು ನೆಲಕ್ಕೆ ಒತ್ತಿಕೊಂಡಿರಬೇಕು. ಅದು ಬಿಟ್ಟು ಹೋದ ಮೇಲೂ ತಕ್ಷಣ ಏಳಬಾರದು. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಬಲವಾಗಿ ಒತ್ತಿ ಹಿಡಿದು ಆಸ್ಪತ್ರೆಗೆ ಸಾಗಿಸಬೇಕು. ಗಾಯ ಚಿಕ್ಕದೆಂದು ಕಂಡರೂ ರೇಬಿಸ್ ಚುಚ್ಚುಮದ್ದು ಬಿಡುವಂತಿಲ್ಲ.

ಇದನ್ನೆಲ್ಲ ಹೇಳಲು ಐದು ನಿಮಿಷ ಸಾಕು. ಬೆಟ್ಟದ ಬುಡದಲ್ಲಿ, ಹತ್ತುವ ಮುನ್ನ, ಎಲ್ಲರನ್ನೂ ನಿಲ್ಲಿಸಿ ಹೇಳಬೇಕು. ಅರಣ್ಯ ಇಲಾಖೆಯ ಟಿಕೆಟ್ ಪರಿಶೀಲಿಸುವ ಗೇಟಿನಲ್ಲೇ ಇದು ಕಡ್ಡಾಯವಾಗಲಿ ಎಂಬುದು ನಮ್ಮ ಒತ್ತಾಯ. ಸ್ಥಳೀಯ ಮಾರ್ಗದರ್ಶಿ ಇಲ್ಲದೆ ಮೊದಲ ಸಲದವರ ಗುಂಪನ್ನು ಬಿಡಲೂಬಾರದು. ಈ ವಾರ ಯಾವ ಬಂಡೆಯ ಸಂದಿಯಲ್ಲಿ ಮರಿ ಕರಡಿ ಕಂಡಿದೆ, ಯಾವ ಗುಡಿಗೆ ರಾತ್ರಿ ನುಗ್ಗಿ ದೀಪದ ಎಣ್ಣೆ ಕುಡಿದು ಹೋಗಿದೆ ಎಂಬುದು ಬೆಟ್ಟದ ಕೆಳಗೆ ಕುರಿ ಮೇಯಿಸುವವರಿಗೆ ಗೊತ್ತು, ಬೆಂಗಳೂರಿನಿಂದ ಬಸ್ಸು ಮಾಡಿಕೊಂಡು ಬಂದ ಸಂಘಟಕರಿಗೆ ಗೊತ್ತಿರುವುದಿಲ್ಲ.