ಬುತ್ತಿಯೊಳಗಿನ ಚೀಟಿ



ಮದುವೆಯಾಗಿ ಇಪ್ಪತ್ತೆರಡು ವರ್ಷವಾದ ಮೇಲೆ ಗಂಡನಿಗೆ ಪ್ರೀತಿಯ ಚೀಟಿ ಕೊಟ್ಟವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ನಾನು ಕೊಟ್ಟೆ. ನಗಬೇಡಿ, ಪೂರ್ತಿ ಕೇಳಿ.

ಧಾರವಾಡದಲ್ಲಿ ಓದುವ ಮಗಳು ರಜೆಗೆ ಬಂದಾಗ ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಗುಂಡುಮುಖದ ಒಬ್ಬ ಹುಡುಗ, ಒಬ್ಬ ಹುಡುಗಿ. ಮೈಮೇಲೆ ಬಟ್ಟೆಯೇ ಇಲ್ಲ!

"ಛೀ, ಏನ ತೋರಸ್ತೀಯವ್ವಾ" ಅಂದೆ.

"ಸಣ್ಣ ಹುಡುಗರಂಗ ಅದಾವ, ನೋಡರೆ ನೋಡಬೇ ಯವ್ವಾ" ಅಂದಳು.

ನೋಡಿದೆ. ಕೆಳಗೆ ಒಂದೇ ಒಂದು ಸಾಲು. 'ಲವ್ ಈಸ್' ಎಂದು ಅದರ ಹೆಸರು. ನ್ಯೂಜಿಲೆಂಡಿನ ಕಿಮ್ ಎಂಬಾಕೆ ತಾನು ಮೆಚ್ಚಿದ ರಾಬರ್ಟೋ ಕಸಾಲಿಗಾಗಿ ಚೀಟಿಯಲ್ಲಿ ಗೀಚುತ್ತಿದ್ದಳಂತೆ. 1970ರ ಜನವರಿಯಿಂದ ಅವು ಅಮೆರಿಕದ ಪತ್ರಿಕೆಯಲ್ಲಿ ಅಚ್ಚಾಗಿ ದೇಶ ದೇಶ ಸುತ್ತಿದವು. ಅವರಿಬ್ಬರ ಮದುವೆಯೂ ಆಯಿತು. ಆದರೆ 1976ರಲ್ಲಿ ರಾಬರ್ಟೋ ಕ್ಯಾನ್ಸರಿನಿಂದ ತೀರಿಕೊಂಡ. ಇದನ್ನು ಕೇಳಿದ ಮೇಲೆ ಆ ಜೋಡಿ ನನಗೆ ಬರೀ ಮುದ್ದಾಗಿ ಕಾಣಲಿಲ್ಲ.

ಮಾತಿಲ್ಲದ ಇಂಥ ಚಿತ್ರ ನಮಗೇನು ಹೊಸದಲ್ಲ ಬಿಡಿ. ನಮ್ಮ ಕೆರೂರಿನಿಂದ ಬಾದಾಮಿ ಎಷ್ಟು ದೂರ? ಬನಶಂಕರಿ ಜಾತ್ರೆಗೆ ಹೋದಾಗ ಗುಡ್ಡ ಹತ್ತಿ ಮೂರನೇ ಗವಿ ನೋಡಿ. ಚಾಲುಕ್ಯರ ಮಂಗಲೇಶ ಕ್ರಿ.ಶ. 578ರಲ್ಲಿ ಮಾಡಿಸಿದ್ದು. ಎಲ್ಲರೂ ದೊಡ್ಡ ವಿಷ್ಣುವನ್ನು ನೋಡಿ ಹೊರಗೆ ಬರುತ್ತಾರೆ. ನೀವು ಕಂಬದ ತುದಿಗೆ ತಲೆಯೆತ್ತಿ. ಗಿಡದ ಕೆಳಗೆ ಒಬ್ಬರಿಗೊಬ್ಬರು ಆತು ನಿಂತ ಜೋಡಿಗಳಿವೆ. ಒಂದು ಅಕ್ಷರವಿಲ್ಲ, ಆದರೂ ಎಲ್ಲ ತಿಳಿಯುತ್ತದೆ.

ಈಗ ನನ್ನ ಸಂಗತಿ. ಹೋದ ವರ್ಷ ನನಗೆ ಗರ್ಭಕೋಶದ ಆಪರೇಷನ್ ಆಯಿತು. ಮನೆಯವರು "ಹ್ಯಾಂಗದೀ?" ಅಂತ ಒಂದು ಮಾತು ಕೇಳಲಿಲ್ಲ. ಆ ಸಿಟ್ಟು ಒಳಗೇ ಕೂತಿತ್ತು. ಚಿತ್ರ ನೋಡಿದ ರಾತ್ರಿ ನಿದ್ದೆ ಬರದೆ ನೆನೆಸಿಕೊಂಡೆ: ಎರಡು ತಿಂಗಳು ನಾನು ಒಂದು ಕೊಡ ಎತ್ತಿಲ್ಲ. ಅಂಗಡಿ ತೆರೆಯುವ ಮೊದಲೇ ಅವರು ನೀರು ತುಂಬಿಡುತ್ತಿದ್ದರು. ಓಣಿಯವರು ನಕ್ಕರೂ ತುಂಬಿದರು. ಯಾರಾದರೂ ಅದನ್ನು ಬರೆದಿದ್ದರೆ ಚೆಂದದ ಚಿತ್ರವಾಗುತ್ತಿತ್ತು, ಅಲ್ಲವೇ?

ಹಾಗಂತ ಗಂಡಸರ ಮೌನವನ್ನೆಲ್ಲ ಪ್ರೀತಿ ಅಂತ ತಿಳಿಯಿರಿ ಎಂದು ನಾನು ಹೇಳುವುದಿಲ್ಲ. ಆ ಒಂದು ಮಾತು ಕೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಈಗಲೂ ಹಾಗೇ ಅನಿಸುತ್ತದೆ. ಆದರೆ ನಾನಾದರೂ ಯಾವತ್ತು ಬಾಯಿಬಿಟ್ಟು ಹೇಳಿದ್ದೆ?

ಮರುದಿನ ಮಗಳ ಪೆನ್ಸಿಲ್ ಇಸಿದುಕೊಂಡು ಕೂತೆ. ಎರಡು ಗುಂಡುತಲೆ, ಒಂದರ ಹೆಗಲ ಮೇಲೆ ಕೊಡ. ಕೊಡ ಕುಂಬಳಕಾಯಿಯಂತಾಯಿತು. ರೊಟ್ಟಿಯ ಜೊತೆ ಬುತ್ತಿಯಲ್ಲಿಟ್ಟು ಕಳಿಸಿದೆ. ಸಂಜೆ ಬಂದರು, ಚಹಾ ಕುಡಿದರು, ಮಾತಿಲ್ಲ. ಡಬ್ಬಿಯಲ್ಲಿ ಚೀಟಿಯೂ ಇರಲಿಲ್ಲ. ಎಸೆದರೇನೋ ಅಂತ ಹೊಟ್ಟೆ ಚುರ್ ಅಂದಿತು.

ಮೂರು ದಿನ ಬಿಟ್ಟು ಅಂಗಿ ಒಗೆಯಲು ಕಿಸೆ ತಡವಿದೆ. ನಾಲ್ಕು ಮಡಿಕೆ ಮಾಡಿದ ಚೀಟಿ! ಹಿಂದುಗಡೆ ಯಾರದೋ ಕುಪ್ಪಸದ ಬಟ್ಟೆಯ ಲೆಕ್ಕ: ಎರಡೂವರೆ ಮೀಟರ್, ಅಡ್ವಾನ್ಸ್ ನೂರು. ನಗು ತಡೆಯಲಾಗಲಿಲ್ಲ. ಒಗೆದ ಅಂಗಿಯ ಕಿಸೆಯಲ್ಲಿ ಅದನ್ನು ಹಾಗೇ ಇಟ್ಟಿದ್ದೇನೆ.